‘ಕಟ್ಟಡವನ್ನು ತೆರವುಗೊಳಿಸಿ’ ಅಂದರೆ ಜನ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನ ಬೆಂಕಿ ಎಚ್ಚರಿಕೆಯ ಕನ್ನಡ ಪ್ರಕಟಣೆಯನ್ನು ತಿದ್ದಿ ಬರೆಯಲು ನನಗೊಂದು ಕ್ರಿಯಾಪದ ಬೇಕಾಗಿದೆ, ಅದೂ ಬರುವ ಭಾನುವಾರದೊಳಗೆ. ಯಾಕೆಂದು ಹೇಳುತ್ತೇನೆ.

ನಾವಿರುವುದು ಬೆಂಗಳೂರಿನ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ. ಹೋದ ತಿಂಗಳು ಏಳನೇ ಮಹಡಿಯಲ್ಲಿ ಗೃಹಪ್ರವೇಶ ಇತ್ತು. ಗಣಹೋಮದ ಹೊಗೆಗೆ ಕಣ್ಣು ಉರಿಯುತ್ತದೆಂದು ಯಾರೋ ಬಾಗಿಲು ತೆಗೆದರು, ಹೊಗೆಯೆಲ್ಲ ಲಿಫ್ಟಿನ ಮುಂದಕ್ಕೆ ಬಂತು, ಚಾವಣಿಯ ಸೆನ್ಸರ್ ತನ್ನ ಕೆಲಸ ಮಾಡಿತು. ಕಿವಿ ತೂತಾಗುವಂಥ ಕೂಗು. ಅದರ ಬೆನ್ನಿಗೇ ರೆಕಾರ್ಡ್ ಮಾಡಿಟ್ಟ ದನಿ. ಇಂಗ್ಲಿಷು, ಹಿಂದಿ ಮುಗಿದು ಕನ್ನಡದ ಸರದಿ ಬಂದಾಗ ಕೇಳಿಸಿದ್ದು ಇದು: ‘ಅಗ್ನಿ ತುರ್ತು ಪರಿಸ್ಥಿತಿ ಘೋಷಿಸಲಾಗಿದೆ. ದಯವಿಟ್ಟು ಕಟ್ಟಡವನ್ನು ತಕ್ಷಣ ತೆರವುಗೊಳಿಸಿ.’

ಪೇಪರ್ ಓದುತ್ತಿದ್ದ ನಮ್ಮ ಮಾವನವರು ತಲೆ ಎತ್ತಿ, ‘ತುರ್ತು ಪರಿಸ್ಥಿತಿನಾ? ಮತ್ತೆ 1975 ಬಂತೇನಮ್ಮ?’ ಅಂದರು. ಅವರದು ತಮಾಷೆ. ತಮಾಷೆಯಲ್ಲದ ಮಾತು ಅಡುಗೆಮನೆಯಿಂದ ಬಂತು. ನಮ್ಮ ಮನೆಕೆಲಸಕ್ಕೆ ಬರುವವರು ಸಿಂಧನೂರು ಕಡೆಯವರು. ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಓಡಿ ಬಂದು, ‘ಅಕ್ಕಾರ, ಬಿಲ್ಡಿಂಗ್ ಕೆಡವಾಕ ಬಂದಾರೇನ್ರಿ? ಜೇಸಿಬಿ ನಿಂತೈತೇನು?’ ಎಂದು ಕೇಳಿದರು.

ನನಗೆ ನಗು ಬಂತು. ಆಮೇಲೆ ನೆನಪಾಯಿತು: ರಾಜಕಾಲುವೆ ಪಕ್ಕದಲ್ಲಿದ್ದ ಅವರ ಶೆಡ್ಡು ಮೂರು ವರ್ಷದ ಹಿಂದೆ ಹೋದದ್ದು ಇದೇ ಪದದ ಕೆಳಗೆ. ಈ ಊರಿನಲ್ಲಿ ‘ತೆರವು’ ಅಂದರೆ ಒತ್ತುವರಿ ತೆರವು, ಫುಟ್‌ಪಾತ್ ಅಂಗಡಿ ತೆರವು, ಅಕ್ರಮ ಕಟ್ಟಡ ತೆರವು. ದಿನಾ ಪೇಪರಿನಲ್ಲಿ ಬರುವುದೂ ಅದೇ. ಅವರು ತಪ್ಪು ತಿಳಿದರು ಅನ್ನುವ ಹಾಗಿಲ್ಲ, ವಾಕ್ಯವೇ ಹಾಗೆ ಹೇಳುತ್ತಿದೆ.

ಪದದ ಹುಟ್ಟಿನಲ್ಲಿ ಕೆಡವುವ ಸುದ್ದಿಯೇ ಇಲ್ಲ. ‘ತೆರೆ’ ಧಾತುವಿನ ಮನೆಯವೇ ತೆರಪು, ತೆರವು. ಹಳಗನ್ನಡದವರು ಶಕಟರೇಫ (ಈಗ ಬಳಕೆ ತಪ್ಪಿರುವ ‘ಱ’ ಅಕ್ಷರ) ಹಾಕಿ ತೆಱಪು ಎಂದು ಬರೆಯುತ್ತಿದ್ದರು. ತೆರೆದ ಜಾಗ, ಎಡೆ, ಬಿಡುವು ಎಂದೆಲ್ಲ ಅರ್ಥ. ‘ತೆರಪಿಲ್ಲದೆ ಮಳೆ ಹುಯ್ತು’ ಅನ್ನುವುದರಲ್ಲಿ, ‘ತೆರವಾದ ಕ್ಷೇತ್ರಕ್ಕೆ ಉಪಚುನಾವಣೆ’ ಅನ್ನುವುದರಲ್ಲಿ ಆ ಅರ್ಥ ಇನ್ನೂ ಉಸಿರಾಡುತ್ತಿದೆ. ತೊಡಕು ಬಂದದ್ದು ‘ತೆರವುಗೊಳಿಸು’ ಆದ ಮೇಲೆ. ಅದರ ಕರ್ಮ ಎರಡು ಥರ ಇರುತ್ತದೆ. ‘ರಸ್ತೆ ತೆರವುಗೊಳಿಸಿ’ ಅಂದರೆ ರಸ್ತೆ ಉಳಿಯುತ್ತದೆ, ಅಲ್ಲಿದ್ದದ್ದು ಹೋಗುತ್ತದೆ. ‘ಒತ್ತುವರಿ ತೆರವುಗೊಳಿಸಿ’ ಅಂದರೆ ಒತ್ತುವರಿಯೇ ಹೋಗುತ್ತದೆ. ‘ಕಟ್ಟಡ’ ಈ ಎರಡು ಸಾಲಿನಲ್ಲೂ ಕೂರಬಲ್ಲ ಪದ. ಜನ ಉಳಿದು ಕಟ್ಟಡ ಹೋಗಬೇಕೋ, ಕಟ್ಟಡ ಉಳಿದು ಜನ ಹೋಗಬೇಕೋ ವ್ಯಾಕರಣ ಹೇಳುವುದಿಲ್ಲ. ನಮ್ಮ ಅನುಭವ ಹೇಳುತ್ತದೆ, ಒಬ್ಬೊಬ್ಬರಿಗೆ ಒಂದೊಂದು.

ಹಾಗಾದರೆ ಬೇರೆ ಯಾವುದು? ‘ಸ್ಥಳಾಂತರ’ ನೆರೆಯ ಕಾಲದ ಪದ. ಹೊಳೆ ಏರುತ್ತಿದೆ, ಟ್ರ್ಯಾಕ್ಟರ್ ಬಂದಿದೆ, ಹಾಸಿಗೆ, ಟ್ರಂಕು, ದನಕರು ಸಮೇತ ಹತ್ತಿ ಕಾಳಜಿ ಕೇಂದ್ರಕ್ಕೆ ಹೋಗುವ ಚಿತ್ರ ಅದು. (ಗಂಜಿ ಕೇಂದ್ರ ಹೋಗಿ ಕಾಳಜಿ ಕೇಂದ್ರ ಬಂದದ್ದು ನನಗೆ ಇಷ್ಟವಾದ ಬದಲಾವಣೆ, ಸರ್ಕಾರಿ ಕನ್ನಡಕ್ಕೂ ಒಮ್ಮೊಮ್ಮೆ ಮನಸ್ಸಿರುತ್ತದೆ.) ಬೆಂಕಿಯಲ್ಲಿ ಸಾಮಾನು ಮುಟ್ಟಲೇಬಾರದು, ಹಾಗಾಗಿ ಆ ಪದ ಬೇಡ. ‘ಖಾಲಿ ಮಾಡಿ’ ಎಲ್ಲರಿಗೂ ಗೊತ್ತು, ನಮ್ಮ ಸೆಕ್ಯುರಿಟಿಯವರು ಅವತ್ತು ಕೂಗಿದ್ದೂ ಅದನ್ನೇ. ಆದರೆ ಬಾಡಿಗೆದಾರನ ಕಿವಿಗೆ ಅದು ಮಾಲೀಕರ ಮಾತು. ಮೂರನೇ ಮಹಡಿಯ ಹುಡುಗನೊಬ್ಬ ಬಾಗಿಲು ತೆಗೆದು, ‘ಇನ್ನೂ ಅಗ್ರಿಮೆಂಟ್ ಇದೆ ಸಾರ್’ ಅಂದನಂತೆ. ಇದನ್ನು ನಾನು ಕಂಡಿಲ್ಲ, ಕೇಳಿದ್ದು.

‘ಅಗ್ನಿ’ಯ ಬಗ್ಗೆಯೂ ನನ್ನ ತಕರಾರಿದೆ. ಅಗ್ನಿ ಅಂದರೂ ಬೆಂಕಿ ಅಂದರೂ ಜನ ಉರಿ ಹುಡುಕುತ್ತಾರೆ. ಬಾಲ್ಕನಿಗೆ ಬಂದು, ಬಗ್ಗಿ ನೋಡಿ, ಕಾಣದಿದ್ದರೆ ಒಳಗೆ ಹೋಗುತ್ತಾರೆ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು. ಮೆಟ್ಟಿಲುಗಳಲ್ಲಿ ತುಂಬಿಕೊಂಡದ್ದು ಹೊಗೆ. ಉಸಿರು ಕಟ್ಟಿ, ದಾರಿ ಕಾಣದೆ, ಕೆಲವರು ಕಿಟಕಿಯಿಂದ ಹಾರಿದರು. ಆದ್ದರಿಂದ ಪ್ರಕಟಣೆಯ ಮೊದಲ ಪದವೇ ‘ಹೊಗೆ’ ಆಗಿರಲಿ ಎನ್ನುವುದು ನನ್ನ ಹಟ. ನಮ್ಮ ಅಪಾರ್ಟ್‌ಮೆಂಟಿನ ಸಮಿತಿಯಲ್ಲಿ ಒಬ್ಬರು, ‘ಹೊಗೆ ಅಂದ್ರೆ ಯಾರೋ ಸಾಂಬ್ರಾಣಿ ಹಾಕ್ತಿದಾರೆ ಅನ್ಕೋತಾರೆ’ ಎಂದರು. ಅವರ ಮಾತಿನಲ್ಲೂ ನಿಜವಿದೆ, ಹೋಮದ ಮನೆಯ ಉದಾಹರಣೆಯೇ ಕಣ್ಣ ಮುಂದಿದೆ.

ಇನ್ನು ‘ಅಣಕು ಕಾರ್ಯಾಚರಣೆ’, ಅಂದರೆ ಮಾಕ್ ಡ್ರಿಲ್. ಇದನ್ನು ಯಾರು ಮೊದಲು ಬಳಸಿದರೋ, ಈಗ ಎಲ್ಲ ಪತ್ರಿಕೆಗಳಲ್ಲೂ ನಿಂತುಬಿಟ್ಟಿದೆ. ಅಣಕಿಸುವುದು ಅಂದರೆ ಗೇಲಿ ಮಾಡುವುದು. ನೋಟಿಸಿನಲ್ಲಿ ‘ಅಣಕು’ ಎಂದು ಓದಿದವರು ಮೊಬೈಲ್ ಹಿಡಿದು, ನಗುತ್ತ, ಲಿಫ್ಟಿನಲ್ಲಿ ಇಳಿದು ಬರುತ್ತಾರೆ. ಕುಸ್ತಿಗೂ ನಾಟಕಕ್ಕೂ ನಮ್ಮಲ್ಲಿ ‘ತಾಲೀಮು’ ಇದೆಯಲ್ಲ, ಬೆವರು ಹರಿಸುವ ಪದ. ‘ಬೆಂಕಿ ತಾಲೀಮು’ ಎಂದು ಈ ಸಲದ ನೋಟಿಸಿಗೆ ಹಾಕಿಯೇಬಿಟ್ಟಿದ್ದೇನೆ. ತಪ್ಪಿದ್ದರೆ ಬೈಯಿರಿ.

ಬೆಂಕಿ ಬಿದ್ದಾಗ ಜನ ಬಂದು ಸುರಕ್ಷಿತವಾಗಿ ನಿಲ್ಲಲೆಂದು ಬಿಟ್ಟ ಜಾಗಕ್ಕೆ ಇಂಗ್ಲಿಷಿನಲ್ಲಿ ‘ರೆಫ್ಯೂಜ್ ಏರಿಯಾ’ ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಬಿಲ್ಡರ್ ಹಾಕಿಸಿದ ಫಲಕ ‘ನಿರಾಶ್ರಿತರ ಪ್ರದೇಶ’. ಅದನ್ನು ಬಿಡೋಣ.

ಈಗ ಅಸಲು ಪ್ರಶ್ನೆ. ‘ಹೊರಗೆ ಬನ್ನಿ’ ಅನ್ನೋಣವೆಂದುಕೊಂಡೆ. ‘ಬನ್ನಿ’ ಅನ್ನುವವರು ಹೊರಗೆ ನಿಂತಿರಬೇಕು. ಈ ದನಿ ಬರುವುದು ನಮ್ಮ ತಲೆಯ ಮೇಲಿನ ಸ್ಪೀಕರಿನಿಂದ. ‘ಹೊರಗೆ ಹೋಗಿ’ ಎಂದರೆ ಕುತ್ತಿಗೆ ಹಿಡಿದು ದಬ್ಬಿದ ಹಾಗೆ. ‘ಹೊರಡಿ’ ಅಂದರೆ ಎಲ್ಲಿಗೆ ಎಂದು ಕೇಳುತ್ತಾರೆ. ಸಿಂಧನೂರಿನವರನ್ನೇ ಕೇಳಿದೆ: ‘ಬೆಂಕಿ ಬಿದ್ರೆ ನೀವು ಏನಂತ ಕೂಗ್ತೀರಿ?’ ‘ಎದ್ದು ಹೊಂಡ್ರಿ ಅಂತೀನ್ರಿ, ಇನ್ನೇನ್ ಅನ್ಲಿ?’ ಕೂಗುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೈಸೂರು ಕಡೆಯವರಿಗೆ, ಕರಾವಳಿಯವರಿಗೆ ‘ಹೊಂಡ್ರಿ’ ಥಟ್ಟನೆ ತಲುಪುತ್ತದೆಯೇ?

ಕೊನೆಗೆ ನಾನು ಬರೆದುಕೊಂಡದ್ದು: ‘ಹೊಗೆ ಬಂದಿದೆ. ಲಿಫ್ಟ್ ಬೇಡ. ಮೆಟ್ಟಿಲಿನಲ್ಲಿ ಕೆಳಗೆ ಇಳಿಯಿರಿ.’ ‘ಇಳಿ’ಗೆ ಬರುವ, ಹೋಗುವ ಜಗಳವಿಲ್ಲ, ಎಲ್ಲ ಸೀಮೆಯವರಿಗೂ ಗೊತ್ತು, ಜೇಸಿಬಿಯೂ ನೆನಪಾಗುವುದಿಲ್ಲ. ಖುಷಿಯಿಂದ ಸಮಿತಿಗೆ ಕಳಿಸಿದೆ. ಅಲ್ಲೊಬ್ಬರು ಒಂದೇ ಸಾಲಿನ ಉತ್ತರ ಬರೆದರು: ‘ಮೇಡಂ, ನಮಗೆ ಎರಡು ಬೇಸ್‌ಮೆಂಟ್ ಇದೆ.’

ಡ್ರೈವರುಗಳು, ಕಾರು ಒರೆಸುವ ಹುಡುಗರು ಅಲ್ಲೇ ಇರುತ್ತಾರೆ. ಸ್ಪೀಕರು ಒಂದೇ, ರೆಕಾರ್ಡಿಂಗೂ ಒಂದೇ. ಅವರು ಇಳಿಯುವಂತಿಲ್ಲ, ಹತ್ತಬೇಕು. ಮೇಲಿನವರನ್ನು ಇಳಿಸಿ ಕೆಳಗಿನವರನ್ನು ಹತ್ತಿಸುವ, ಬಯ್ಗುಳವಾಗದ ಒಂದು ಕ್ರಿಯಾಪದ ನಿಮ್ಮ ಕಡೆ ಇದ್ದರೆ ತಿಳಿಸಿ. ದಾವಣಗೆರೆ, ಗೋಕಾಕದಂಥ ಗಿರಣಿ ಊರಿನವರೂ ಕೋಲಾರದ ಚಿನ್ನದ ಗಣಿಯ ಕಡೆಯವರೂ ದಯವಿಟ್ಟು ನೆನಪು ಮಾಡಿಕೊಳ್ಳಿ: ಅಪಾಯದ ಸೈರನ್ ಕೂಗಿದಾಗ ಒಬ್ಬರಿಗೊಬ್ಬರು ಏನೆಂದು ಕೂಗಿ ಹೇಳುತ್ತಿದ್ದಿರಿ? ಅದರಲ್ಲೂ ಗಣಿಯೊಳಗಿದ್ದವರಿಗೆ?