‘ಒಂದೇ ಸಿಟ್ಟಿಂಗ್‌ನಲ್ಲಿ ಮಲಬದ್ಧತೆ ಮಾಯ’: ಹೈಸ್ಕೂಲ್ ಬ್ಯಾಚ್ ಗುಂಪಿನಲ್ಲಿ ಒಂದು ಫಾರ್ವರ್ಡ್

ಗಣೇಶ (ಬದಿಯಡ್ಕ), ರಾತ್ರಿ 8:12
ಫಾರ್ವರ್ಡ್: ‘ಹತ್ತು ವರ್ಷದ ಮಲಬದ್ಧತೆಗೆ ಒಂದೇ ಸಿಟ್ಟಿಂಗ್! ಬಯೋಫೀಡ್‌ಬ್ಯಾಕ್ ಯಂತ್ರ ಗುದದ ಸ್ನಾಯುಗಳಿಗೆ ಕರೆಂಟ್ ಕೊಟ್ಟು ಬಲ ತುಂಬುತ್ತದೆ. ಮನೆಯಲ್ಲಿ ದಿನಕ್ಕೆ ನೂರು ಸಲ ಕೀಗಲ್ ಮಾಡಿ. ಮಾತ್ರೆ, ಇಸಬ್‌ಗೋಲ್ ಇಂದೇ ಬಿಡಿ.’
ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಹಾಕಿದ್ದು.

ಶೈಲಜಾ (ಫಿಸಿಯೊ)
ಗಣೇಶಾ, ಡಿಲೀಟ್ ಮಾಡು ಮಾರಾಯ. ನಾಲ್ಕು ಸಾಲಿನಲ್ಲಿ ನಾಲ್ಕು ತಪ್ಪು ಉಂಟು. ಬಯೋಫೀಡ್‌ಬ್ಯಾಕಿನಲ್ಲಿ ಯಂತ್ರ ಸ್ನಾಯುವಿಗೆ ಎಂತದೂ ಕೊಡುವುದಿಲ್ಲ. ಅಳೆದು ಪರದೆಯಲ್ಲಿ ತೋರಿಸುತ್ತದೆ, ಅಷ್ಟೆ. ತಕ್ಕಡಿ ಅಕ್ಕಿ ಕೊಡ್ತದಾ? ಕರೆಂಟ್ ಕೊಡುವುದು ಎಲೆಕ್ಟ್ರಿಕಲ್ ಸ್ಟಿಮ್ಯುಲೇಶನ್, ಅದು ಬೇರೆಯೇ ಚಿಕಿತ್ಸೆ.
ಕೀಗಲ್ ಸಾಲು ಇನ್ನೂ ಕೆಟ್ಟದ್ದು. ಕೀಗಲ್ ಅಂದರೆ ಬಿಗಿಹಿಡಿಯುವ ವ್ಯಾಯಾಮ. ಮಲಬದ್ಧತೆಗೆ ಬಯೋಫೀಡ್‌ಬ್ಯಾಕ್ ಬೇಕಾಗುವವರ ತೊಂದರೆಯೇ ಬಿಗಿ ಬಿಡಲಿಕ್ಕೆ ಬಾರದ್ದು. ತೆಗೆಯಲಿಕ್ಕೆ ಬಾರದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದ ಹಾಗೆ.

ರಾಮ (ಮೆಡಿಕಲ್)
ಕರೆಂಟ್, ಕೀಗಲ್ ಎರಡೂ ಒಪ್ಪಿದೆ. ಆದರೆ ಯಂತ್ರವೇ ಎಂತಕ್ಕೆ? ಇಸಬ್‌ಗೋಲ್ ಒಂದು ದೊಡ್ಡ ಚಮಚ, ತುಂಬಿದ ಒಂದು ಲೋಟ ನೀರಿಗೆ ಹಾಕಿ, ಲೋಳೆಯಾಗುವ ಮೊದಲೇ ಕುಡಿದು, ಮೇಲಿಂದ ಇನ್ನೊಂದು ಲೋಟ ನೀರು. ಹೆಚ್ಚಿನವರು ಕೆಡಿಸಿಕೊಳ್ಳುವುದು ಆ ಎರಡನೇ ಲೋಟ ಬಿಟ್ಟು. ಅದರಲ್ಲಿ ಆಗದಿದ್ದರೆ ಪಾಲಿಇಥಿಲೀನ್ ಗ್ಲೈಕಾಲ್ ಪುಡಿ, 17 ಗ್ರಾಂ, 240 ಮಿ.ಲೀ. ನೀರಿನಲ್ಲಿ ದಿನಕ್ಕೊಮ್ಮೆ. ಜೊತೆಗೆ ಬೇರೆ ಯಾವ ಮಾತ್ರೆ ಹೋಗ್ತಾ ಉಂಟು ಅಂತ ನೋಡಬೇಕು: ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಬಿಪಿಗೆ ವೆರಪಾಮಿಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಅಮಿಟ್ರಿಪ್ಟಿಲಿನ್. ಇವೆಲ್ಲ ಹೊಟ್ಟೆ ಕಟ್ಟುವಂಥವೇ. ಇಷ್ಟು ಮಾಡದೆ ಯಂತ್ರಕ್ಕೆ ಅಂತ ಮಂಗಳೂರಿಗೆ ಬಸ್ಸು ಹತ್ತಿಸುವುದು ಬಿಲ್ಲು ಮಾಡುವ ಉಪಾಯ.

ಶೈಲಜಾ (ಫಿಸಿಯೊ)
ಹೆಚ್ಚಿನವರಿಗೆ ಅಷ್ಟು ಸಾಕು, ಅದರಲ್ಲಿ ಜಗಳ ಇಲ್ಲ. ನಾನು ಹೇಳುವುದು ಸಾಕಾಗದವರ ವಿಷಯ. ಗುದನಾಳದ ಹಿಂದಿನಿಂದ ಸುತ್ತಿ ಮುಂದಕ್ಕೆ ಎಳೆದು ಹಿಡಿದ ಪಟ್ಟಿಯಂಥ ಸ್ನಾಯು ಒಂದುಂಟು, ಪ್ಯೂಬೋರೆಕ್ಟಾಲಿಸ್. ಅದು ಹಿಡಿದಿರುವಷ್ಟು ಹೊತ್ತು ದಾರಿ ಸುಮಾರು 90 ಡಿಗ್ರಿ ಮಡಚಿರುತ್ತದೆ. ಕಕ್ಕಸಿಗೆ ಕೂತಾಗ ಅದು ಸಡಿಲ ಆಗಿ ದಾರಿ ನೇರ ಆಗಬೇಕು. ಕೆಲವರಲ್ಲಿ ತಿಣುಕಿದ ಕೂಡಲೇ ಆ ಪಟ್ಟಿಯೂ ಗುದದ್ವಾರವೂ ಇನ್ನಷ್ಟು ಬಿಗಿಯುತ್ತವೆ. ಅಡಿಕೆ ತೋಟದ ಪೈಪು ಮಡಚಿ ಬಿದ್ದಿದ್ದರೆ ಮೋಟರು ಎಷ್ಟು ಎಚ್‌ಪಿ ಆದರೆ ಎಂತ? ನೀನು ಮಲ ಮೆದು ಮಾಡ್ತಿ, ಮಡಿಕೆ ಹಾಗೆಯೇ ಇರುತ್ತದೆ.

ರಾಮ (ಮೆಡಿಕಲ್)
ಮೆದು ಆದರೆ ಮಡಚಿದ ಪೈಪಿನಲ್ಲೂ ಸ್ವಲ್ಪ ಹೋಗ್ತದೆ.

ಶೈಲಜಾ (ಫಿಸಿಯೊ)
ಸ್ವಲ್ಪ ಹೋಗ್ತದೆ, ಉಳಿದದ್ದು ಅಲ್ಲೇ. ‘ಪೂರ್ತಿ ಆಗಿಲ್ಲ’ ಅಂತ ಮೂರು ಸಲ ಎದ್ದು ಕೂರುವುದು ಅದಕ್ಕೇ. ಮಲ ಮೆದುವಾಗಿದ್ದೂ ತಿಣುಕಬೇಕು, ಬೆರಳು ಹಾಕಬೇಕು ಅಂತಾದರೆ ಅದೇ ಗುರುತು. ಇಟಲಿಯ ಕಿಯಾರಿಯೋನಿ ತಂಡ 2006ರಲ್ಲಿ ನಿನ್ನ ಪುಡಿಯನ್ನೂ ಬಯೋಫೀಡ್‌ಬ್ಯಾಕನ್ನೂ ಎದುರಾಬದುರು ಇಟ್ಟು ನೋಡಿತ್ತು. 109 ಜನ, ಎಲ್ಲರಿಗೂ ಇದೇ ತೊಂದರೆ. ವಾರಕ್ಕೊಂದರಂತೆ 5 ಬಯೋಫೀಡ್‌ಬ್ಯಾಕ್ ಪಾಠ ಆದವರಲ್ಲಿ ಆರು ತಿಂಗಳಿಗೆ 80% ಜನಕ್ಕೆ ದೊಡ್ಡ ಸುಧಾರಣೆ. ಪುಡಿ ತೆಗೆದುಕೊಂಡವರಲ್ಲಿ 22%.

ಇಬ್ರಾಹಿಂ (ಲ್ಯಾಬ್)
ಅದೇ ಲೇಖಕರ 2005ರದ್ದೂ ಹೇಳು ಶೈಲಜಾ, ಇಲ್ಲದಿದ್ದರೆ ರಾಮ ಹಿಡಿದುಕೊಳ್ತಾನೆ. ಬಾಗಿಲು, ಅಂದರೆ ಗುದದ್ವಾರ, ತೆರೆಯದವರಲ್ಲಿ 71% ಜನಕ್ಕೆ ತೃಪ್ತಿ ಆಯಿತು. ಕರುಳಿನ ಚಲನೆಯೇ ನಿಧಾನ ಇದ್ದವರಲ್ಲಿ 8%. ಸ್ನಾಯು ಸರಿಯಾಗಿ ಬಿಡ್ತಾ ಇದ್ದು, ಕರುಳು ಮಾತ್ರ ನಿಧಾನ ಇದ್ದವರಿಗೆ ಇದು ದಂಡ. ಅದಕ್ಕೇ ಮೊದಲು ಪರೀಕ್ಷೆ.

ರಾಮ (ಮೆಡಿಕಲ್)
ಹಾಂ, ಇದು ಬೇಕಿತ್ತು. ಯಾವ ಪರೀಕ್ಷೆ?

ಇಬ್ರಾಹಿಂ (ಲ್ಯಾಬ್)
ಮೊದಲನೆಯದ್ದು ವೈದ್ಯರ ಬೆರಳು. ಕೈಗವಸು ಹಾಕಿ ಒಳಗೆ ಬೆರಳಿಟ್ಟು ‘ಈಗ ತಳ್ಳಿ’ ಅಂದಾಗ ಬೆರಳು ಹಿಂಡಿದ ಹಾಗಾದರೆ ಸಂಶಯ ಬರ್ತದೆ. ಖರ್ಚಿಲ್ಲದ ಪರೀಕ್ಷೆ, ನಾಚಿಕೆಯಲ್ಲಿ ಹೆಚ್ಚಿನ ಕಡೆ ಬಿಟ್ಟುಬಿಡುತ್ತಾರೆ.
ಎರಡು, ಬಲೂನ್. ಗುದನಾಳದೊಳಗೆ ಪುಟ್ಟ ಬಲೂನಿಗೆ 50 ಮಿ.ಲೀ. ಉಗುರುಬೆಚ್ಚಗಿನ ನೀರು ತುಂಬಿ, ಬಾಗಿಲು ಹಾಕಿದ ಕೋಣೆಯಲ್ಲಿ ಕಮೋಡಿನ ಮೇಲೆ ಕೂರಿಸುವುದು. ಒಂದು ನಿಮಿಷದಲ್ಲಿ ಹೊರಗೆ ಬರಬೇಕು. ಕೆಲವು ಲ್ಯಾಬಿನಲ್ಲಿ ಎರಡು ನಿಮಿಷದವರೆಗೆ ಕಾಯ್ತಾರೆ.
ಮೂರು, ಮ್ಯಾನೊಮೆಟ್ರಿ, ಅಂದರೆ ಒತ್ತಡ ಅಳೆಯುವುದು. ಸೆನ್ಸರ್ ಇರುವ ಸಪೂರ ಕೊಳವೆ, ತುದಿಯಲ್ಲಿ ಬಲೂನ್. ಅರಿವಳಿಕೆ ಬೇಡ. ತಳ್ಳಿದಾಗ ಒಳಗಿನ ಒತ್ತಡ ಏರಬೇಕು, ಬಾಗಿಲಿನ ಒತ್ತಡ ಕನಿಷ್ಠ 20% ಇಳಿಯಬೇಕು. ಪರದೆಯಲ್ಲಿ ಎರಡೂ ಒತ್ತಡದ ಗೆರೆ ಒಟ್ಟಿಗೆ ಏರಿದರೆ ಅಲ್ಲಿ ಸಿಕ್ಕಿಬೀಳ್ತದೆ. ಕೆಲವರಲ್ಲಿ ಬಾಗಿಲು ಬಿಗಿಯುವುದಷ್ಟೇ ಅಲ್ಲ, ತಳ್ಳುವ ಬಲವೇ ಇಲ್ಲ. ಅವರ ಪಾಠ ಬೇರೆ.
ಒಂದು ಎಚ್ಚರಿಕೆ: ಎಡಮಗ್ಗುಲಲ್ಲಿ ಮಲಗಿಸಿ, ಅಪರಿಚಿತರ ಎದುರು ‘ತಳ್ಳಿ’ ಅಂದರೆ ಆರೋಗ್ಯವಂತರ ಗೆರೆಯೂ ಕೆಡುತ್ತದೆ. ಅದಕ್ಕೆ ಮ್ಯಾನೊಮೆಟ್ರಿ ಒಂದನ್ನೇ ನಂಬಬಾರದು. ಬಲೂನೂ ಅದೇ ಮಾತು ಹೇಳಬೇಕು. ಎರಡಕ್ಕೂ ತಾಳೆ ಇಲ್ಲದಿದ್ದರೆ ಡಿಫೆಕೊಗ್ರಫಿ, ಅಂದರೆ ವಿಸರ್ಜನೆಯ ಹೊತ್ತಿನ ಎಕ್ಸರೇ ಇಲ್ಲವೇ ಎಮ್‌ಆರ್‌ಐ.
ನಮ್ಮ ಗಡಿಯ ಕಷ್ಟವೂ ಉಂಟು. ಕಣ್ಣೂರು, ಕೋಝಿಕ್ಕೋಡ್ ಕಡೆ ಮಲಯಾಳದಲ್ಲಿ ‘ಮುಕ್ಕು’ ಅಂದರೆ ತಿಣುಕು ಅಂತ. ಕನ್ನಡದ ಅಜ್ಜನಿಗೆ ಅದು ಅವಲಕ್ಕಿ ಮುಕ್ಕುವ ಮುಕ್ಕು 😄 ಹೇಳಿದ್ದು ಅರ್ಥ ಆಗದಿದ್ದರೂ ಗೆರೆ ತಪ್ಪೇ ಬರುವುದು.

ಗಣೇಶ (ಬದಿಯಡ್ಕ)
ಕರುಳು ನಿಧಾನ ಅಂತ ಹೇಗೆ ಗೊತ್ತಾಗ್ತದೆ ಮತ್ತೆ?

ಇಬ್ರಾಹಿಂ (ಲ್ಯಾಬ್)
ಎಕ್ಸರೇಯಲ್ಲಿ ಕಾಣುವ 24 ಸಣ್ಣ ಉಂಗುರ ಇರುವ ಕ್ಯಾಪ್ಸೂಲ್ ನುಂಗಿಸಿ 5ನೇ ದಿನ ಎಕ್ಸರೇ. 5ಕ್ಕಿಂತ ಹೆಚ್ಚು ಉಳಿದಿದ್ದರೆ ನಿಧಾನ. ಬಾಗಿಲು ಮುಚ್ಚಿದ್ದರೂ ಹಿಂದಿನ ಸಾಲು ನಿಲ್ಲುತ್ತದೆ ಅಲ್ವಾ, ಹಾಗಾಗಿ ಮೊದಲು ಬಾಗಿಲು ನೋಡು, ಆಮೇಲೆ ಇದು.

ಶ್ಯಾಮ (ವೈದ್ಯ, ಪೆರ್ಲ)
ಊಟ ಮುಗಿಸಿ ನೋಡಿದರೆ ಇಲ್ಲಿ ಮಲದ ವಿಚಾರಗೋಷ್ಠಿ. ಆಯುರ್ವೇದದಲ್ಲಿ ಎರಡು ತಪ್ಪು ಹೇಳ್ತೇವೆ: ಬಂದ ವೇಗವನ್ನು (ಹೋಗಬೇಕು ಅನ್ನಿಸುವುದನ್ನು) ತಡೆಯುವುದು, ಬಾರದ ವೇಗವನ್ನು ಒತ್ತಾಯದಿಂದ ಎಬ್ಬಿಸುವುದು. ಶೈಲಜಾ ಹೇಳುವವರಲ್ಲಿ ಎರಡೂ ಸೇರಿರುತ್ತದೆ. ಹರಳೆಣ್ಣೆ, ಸೋನಾಮುಖಿ ಕೊಟ್ಟು ಕರುಳನ್ನು ಓಡಿಸಬಹುದು, ಅದು ಈ ಜಾತಿಯ ಮಲಬದ್ಧತೆಗೆ ಉತ್ತರ ಅಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಉಸಿರು, ಹೊತ್ತು, ಕೂರುವ ಕ್ರಮ ಕಲಿಸಲಿಕ್ಕೆ ಕೊಳವೆ ಯಾಕೆ?

ಶೈಲಜಾ (ಫಿಸಿಯೊ)
ಶ್ಯಾಮಣ್ಣ, ನೀವು ಕೇಳಿದ್ದು ಸರಿ. ಉಸಿರಿನಲ್ಲೇ ಬಿಗಿ ಬಿಡುವವರೂ ಇದ್ದಾರೆ. ಬಿಡದವರಿಗೆ ತಾವು ಬಿಗೀತಾ ಇದ್ದೇವೆ ಅನ್ನುವುದೇ ಗೊತ್ತಿಲ್ಲ, ‘ಸಡಿಲ ಬಿಡಿ’ ಅಂದರೆ ‘ಬಿಟ್ಟಿದ್ದೇನೆ’ ಅಂತಾರೆ. ಗೆರೆ ಕಣ್ಣೆದುರು ಇದ್ದಾಗ ಮಾತ್ರ ಆ ಜಗಳ ಮುಗಿಯುವುದು.
ಪಾಠದ ಕ್ರಮ ಹೀಗೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಒಟ್ಟು 4ರಿಂದ 6 ಸಲ, ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ. ಮೊದಲು ಹೊಟ್ಟೆಯ ಉಸಿರು: ಕೈ ಹೊಕ್ಕುಳ ಮೇಲೆ, ಒಳಗೆಳೆದಾಗ ಹೊಟ್ಟೆ ಉಬ್ಬಬೇಕು, ಎದೆ ಅಲ್ಲ. ಆಮೇಲೆ ಉಸಿರು ಕಟ್ಟದೆ, ಹೊಟ್ಟೆ ಉಬ್ಬಿಸಿಯೇ ಇಟ್ಟು ನಿಧಾನ ಕೆಳಗೆ ತಳ್ಳುವುದು. ಪೂರ್ತಿ ಬಲ 10 ಅಂತಿಟ್ಟುಕೊಂಡರೆ 5ರಿಂದ 7 ಸಾಕು. ಹತ್ತಕ್ಕೆ ಹೋದವರ ಬಾಗಿಲು ಮುಚ್ಚುವುದು ಪರದೆಯಲ್ಲೇ ಕಾಣುತ್ತದೆ. ಒಳಗಿನ ಗೆರೆ ಏರಿ ಬಾಗಿಲಿನ ಗೆರೆ ಇಳಿಯುವವರೆಗೆ ಅದನ್ನೇ ಮಾಡಿಸುವುದು. ಅದು ಬಂದ ಮೇಲೆ 50 ಮಿ.ಲೀ. ಬಲೂನನ್ನು ಹೊರಗೆ ಹಾಕಿಸುವುದು. ಮೊದಮೊದಲು ನಾವು ಮೆಲ್ಲ ಎಳೆದು ಸಹಾಯ ಮಾಡ್ತೇವೆ. ವರ್ಷಗಟ್ಟಲೆ ತಡೆದು ತಡೆದು ವೇಗವೇ ತಿಳಿಯದೆ ಹೋದವರಿಗೆ ಬಲೂನನ್ನು ದೊಡ್ಡದು ಮಾಡಿ ಗೊತ್ತುಮಾಡಿಸಿ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಬರುವುದು.
ಕೊನೆಗೆ ಪರದೆ ತಿರುಗಿಸಿಡುತ್ತೇವೆ. ನೋಡದೆ ಮಾಡಲಿಕ್ಕೆ ಬಂದರೆ ಮಾತ್ರ ಕಲಿತ ಹಾಗೆ.

ರಾಮ (ಮೆಡಿಕಲ್)
ಮತ್ತೆ ನಡುವೆ ನನ್ನ ಪುಡಿ ಬಿಡಬೇಕಾ? ಫಾರ್ವರ್ಡಿನಲ್ಲಿ ‘ಇಂದೇ ಬಿಡಿ’ ಅಂತ ಉಂಟು.

ಶೈಲಜಾ (ಫಿಸಿಯೊ)
ಬಿಡಬಾರದು. ಮಲ ಗಟ್ಟಿಯಾಗಿದ್ದರೆ ಅಭ್ಯಾಸವೇ ಕೆಡುತ್ತದೆ. ಬಾಗಿಲು ಸರಿಯಾದ ಹಾಗೆ ಡಾಕ್ಟರರೇ ಪ್ರಮಾಣ ಇಳಿಸುತ್ತಾರೆ. ನೀನು ಗೆದ್ದೆ, ಸಂತೋಷವಾ?

ರಾಮ (ಮೆಡಿಕಲ್)
ಅರ್ಧ. ಕಾಸರಗೋಡಿನಿಂದ ಆರು ಸಲ ಮಂಗಳೂರಿಗೆ ಹೋಗಿ ಬರುವುದು ಸಾಮಾನ್ಯದವರಿಗೆ ಆಗುವ ಕೆಲಸ ಅಲ್ಲ, ಅದು ನನ್ನ ಮಾತು ಹಾಗೆಯೇ ಉಂಟು.

ಇಬ್ರಾಹಿಂ (ಲ್ಯಾಬ್)
ಅದಕ್ಕೆ ಮನೆಯಲ್ಲೇ ಮಾಡುವ ಸಣ್ಣ ಯಂತ್ರ ಬಂದಿದೆ. ಅಮೆರಿಕದ ಸತೀಶ್ ರಾವ್ ತಂಡ 100 ಜನರಲ್ಲಿ ಹೋಲಿಸಿ 2018ರಲ್ಲಿ ಪ್ರಕಟಿಸಿತು. ಮನೆಯಲ್ಲಿ ಮಾಡಿದವರ ಫಲ ಆಸ್ಪತ್ರೆಗೆ ಹೋದವರಿಗಿಂತ ಕಮ್ಮಿ ಇರಲಿಲ್ಲ. (ಹೆಸರು ನೋಡಿ ‘ನಮ್ಮವರಾ’ ಅಂತ ಯಾರೂ ಕೇಳಬೇಡಿ.) ಆದರೆ ಕಲಿಸಿಕೊಟ್ಟ ಮೇಲೆ ಮನೆಗೆ. ಆನ್‌ಲೈನಿನಲ್ಲಿ ತರಿಸಿ ತಾನೇ ಹಾಕಿಕೊಳ್ಳುವುದಲ್ಲ.

ಶ್ಯಾಮ (ವೈದ್ಯ, ಪೆರ್ಲ)
ಒಂದು ಬಿಟ್ಟುಹೋಯಿತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 50 ದಾಟಿದ ಮೇಲೆ ಹೊಸತಾಗಿ ಕಾಣಿಸಿಕೊಂಡ ಮಲಬದ್ಧತೆ, ಮನೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರು. ಇಂಥವರಿಗೆ ನಾನು ಚೂರ್ಣವನ್ನೂ ಕೊಡುವುದಿಲ್ಲ, ನೀವು ಬಲೂನನ್ನೂ ಹಾಕಬೇಡಿ. ಮೊದಲು ಕೊಲೊನೋಸ್ಕೊಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವುದು) ಬೇಕಾ ಅಂತ ಡಾಕ್ಟರರು ಹೇಳಲಿ.

ಶೈಲಜಾ (ಫಿಸಿಯೊ)
👍 ಮನೆಯಲ್ಲಿ ಎಲ್ಲರೂ ಮಾಡಬಹುದಾದ್ದು: ದಿನಕ್ಕೆ ಎರಡು ಸಲ, ಉಂಡು ಅರ್ಧ ಗಂಟೆ ಆದ ಮೇಲೆ ಕೂರುವುದು. ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ತಾನೇ ಏಳ್ತದೆ, ಬೆಳಗ್ಗಿನ ಗಂಜಿ ಆದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆದು. 5 ನಿಮಿಷ, ಮೊಬೈಲ್ ಹೊರಗೆ. ಆಗದಿದ್ದರೆ ಎದ್ದು ಬರುವುದು. ಕಮೋಡ್ ಆದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕಾಲಡಿಗೆ 15ರಿಂದ 20 ಸೆಂ.ಮೀ. ಎತ್ತರದ ಸ್ಟೂಲ್, ಮುಂದೆ ಬಾಗಿ ಮೊಣಕೈ ತೊಡೆಯ ಮೇಲೆ.

ಗಣೇಶ (ಬದಿಯಡ್ಕ)
ಊಟಕ್ಕೆ ಕೂರುವ ಮಣೆ ಆಗ್ತದಾ?

ಶೈಲಜಾ (ಫಿಸಿಯೊ)
ಅದು ಎರಡಿಂಚು ಮಾರಾಯ. ಒಂದರ ಮೇಲೊಂದು ಇಟ್ಟರೆ ಒದ್ದೆ ನೆಲದಲ್ಲಿ ಜಾರಿ ಬೀಳ್ತಿ. ಅಡಿಗೆ ರಬ್ಬರ್ ಇರುವ ಪ್ಲಾಸ್ಟಿಕ್ ಸ್ಟೂಲ್ ತೆಗೆದುಕೊ. ಭಾರತೀಯ ಶೈಲಿಯ ಕಕ್ಕಸು ಇದ್ದು ಮೊಣಕಾಲು ಗಟ್ಟಿ ಇದ್ದರೆ ಅದೂ ಬೇಡ.

ಗಣೇಶ (ಬದಿಯಡ್ಕ)
ಸರಿ. ಡಿಲೀಟ್ ಒತ್ತಿದೆ, ‘ನಿಮಗೆ ಮಾತ್ರ’ ಅಂತ ತೋರಿಸ್ತಾ ಉಂಟು.

ರಾಮ (ಮೆಡಿಕಲ್)
ಹಾಗಾದರೆ ನಮಗೆಲ್ಲ ಅಲ್ಲೇ ಉಳೀತು. ಪಾಪ, ಅದಕ್ಕೂ ಹೊರಗೆ ಹೋಗಲಿಕ್ಕೆ ಆಗುವುದಿಲ್ಲ.