ಅಮ್ಮನ ಕಣ್ಣಿಗೆ ಯಾವ ಲೆನ್ಸ್? ಮಾಡಿಸಿದವರು, ತಿಳಿದವರು ಹೇಳಿ

ಕೇಳಿದವರು, ತಿಪಟೂರು:
ಅಮ್ಮನಿಗೆ 67 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ತೋರಿಸಿದೆವು. ಡಾಕ್ಟರ್ ನೋಡಿದ್ದು ಐದು ನಿಮಿಷ. ಆಮೇಲೆ ಬೇರೆ ಕೋಣೆಯಲ್ಲಿ ಒಬ್ಬರು ಲ್ಯಾಮಿನೇಟ್ ಮಾಡಿದ ಹಾಳೆ ಮುಂದಿಟ್ಟರು. ಕೆಳಗಿನ ಸಾಲಿನಲ್ಲಿ ಸಾದಾ ಲೆನ್ಸ್, ಮೇಲಿನ ಸಾಲಿನಲ್ಲಿ ಲೇಸರ್ ಆಪರೇಷನ್ ಜೊತೆ, ದೂರ ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್. ದರ ಆರು ಪಟ್ಟು. "ತಾಯಿ ಕಣ್ಣಲ್ವಾ ಮೇಡಂ, ಯೋಚನೆ ಮಾಡಿ" ಅಂದರು. ಆ ಮಾತು ಕೇಳಿದ ಮೇಲೆ ಕಡಿಮೆಯದು ಸಾಕು ಅನ್ನೋಕೆ ಬಾಯಿ ಬರಲಿಲ್ಲ. ದುಬಾರಿಯದು ನಿಜಕ್ಕೂ ಅಷ್ಟು ಒಳ್ಳೆಯದಾ? ಇದನ್ನೆಲ್ಲ ಯಾರಾದರೂ ಪರೀಕ್ಷೆ ಮಾಡಿ ಹೇಳ್ತಾರಾ?

ಧಾರವಾಡದಿಂದ:
ತಂಗಿ, ನಮ್ಮ ಅಜ್ಜಿಗೆ ಎಪ್ಪತ್ತರ ದಶಕದಾಗ ಡಾ. ಎಂ. ಸಿ. ಮೋದಿಯವರ ಶಿಬಿರದಾಗ ಪೊರೆ ತಗದಿದ್ರು. ಆಗ ಕಣ್ಣೊಳಗ ಲೆನ್ಸ್ ಕೂಡ್ಸೂದು ಇರಲಿಲ್ಲ. ಹೊರಗ ದಪ್ಪ ಕನ್ನಡಕ ಕೊಡತಿದ್ರು, ಸೋಡಾ ಬಾಟ್ಲಿ ತಳದಂಥಾದ್ದು. ಹಿಂದ ದಾರ ಕಟ್ಟಿ ಹಾಕ್ಕೋತಿದ್ಲು. ಎಲ್ಲಾ ದೊಡ್ಡದಾಗಿ, ಹತ್ತಿರ ಬಂದಂಗ ಕಾಣತಿತ್ತು. ಚಾದ ಕಪ್ಪಿಗೆ ಕೈ ಚಾಚಿದ್ರ ಕೈ ಮೊದಲ ನಿಲ್ಲತಿತ್ತು, ಕಪ್ಪು ಇನ್ನೂ ಗೇಣು ದೂರ. ಆದ್ರೂ ಮೋದಿ ಡಾಕ್ಟರನ್ನ ದೇವರಂಗ ನೆನಸ್ತಿದ್ಲು. ನಮ್ಮವ್ವಗ 2009ರಾಗ ಸರ್ಕಾರಿ ಆಸ್ಪತ್ರ್ಯಾಗ ಸಾದಾ ಗಟ್ಟಿ ಲೆನ್ಸ್ (ಮಡಚಾಕ ಬರಲಾರದ್ದು) ಹಾಕಿಸಿದ್ವಿ. ಒಂದ್ ರೂಪಾಯಿ ತಗೊಳ್ಳಿಲ್ಲ. ಈಗೂ ಚಾಳೀಸು ಹಾಕ್ಕೊಂಡು ಸೂಜಿಗೆ ದಾರ ಪೋಣಸ್ತಾಳ. ಸಾದಾ ಅಂದ ಕೂಡ್ಲೇ ಅಂಜಬ್ಯಾಡ್ರಿ.

ಮೈಸೂರಿನಿಂದ:
ನಾನು ಬಯೋಮೆಡಿಕಲ್ ಎಂಜಿನಿಯರ್. ಆಸ್ಪತ್ರೆಗೆ ಯಾವ ಯಂತ್ರ ಕೊಳ್ಳಬೇಕು, ಯಾವುದು ಬೇಡ ಅನ್ನೋ ಚರ್ಚೆಗಳಲ್ಲಿ ಹದಿನಾಲ್ಕು ವರ್ಷ ಕೂತಿದ್ದೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗುತ್ತವೆ.

ಒಂದು, ಪರವಾನಗಿ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ನಮ್ಮಲ್ಲಿ ಸಾಧನಗಳನ್ನು ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ಪರವಾನಗಿ ಸಿಕ್ಕಿದೆ ಅಂದರೆ ಅದು ಸುರಕ್ಷಿತ, ಹೇಳಿದ ಕೆಲಸ ಮಾಡುತ್ತದೆ ಎಂದಷ್ಟೇ ಅರ್ಥ. ಪಕ್ಕದಲ್ಲಿರುವ ಅಗ್ಗದ ಲೆನ್ಸಿಗಿಂತ ಉತ್ತಮವೇ ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಳೆಯ ಎಲ್ಲ ಸಾಲಿಗೂ ಪರವಾನಗಿ ಇದ್ದೇ ಇರುತ್ತದೆ.

ಎರಡನೆಯದು ಮೌಲ್ಯಮಾಪನ, ಎಚ್‌ಟಿಎ ಅನ್ನುತ್ತಾರೆ. ಹೊಸದನ್ನು ಈಗಾಗಲೇ ಬಳಕೆಯಲ್ಲಿರುವುದರ ಪಕ್ಕ ಇಟ್ಟು, ರೋಗಿಗೆ ಎಷ್ಟು ಹೆಚ್ಚು ಒಳ್ಳೆಯದಾಯಿತು, ಅದಕ್ಕೆ ಎಷ್ಟು ಹೆಚ್ಚು ಖರ್ಚಾಯಿತು ಎಂದು ಲೆಕ್ಕ ಹಾಕುವುದು. ಪೂರ್ತಿ ಆರೋಗ್ಯವಾಗಿ ಕಳೆದ ಒಂದು ವರ್ಷಕ್ಕೆ 1 ಅಂಕ. ಕಣ್ಣು ಮಸುಕಾಗಿ, ಬಚ್ಚಲಿಗೂ ಒಬ್ಬರ ಕೈ ಹಿಡಿದು ಹೋಗುವ ವರ್ಷಕ್ಕೆ ಅದಕ್ಕಿಂತ ಕಡಿಮೆ. ಹಾಗೆ ಗಳಿಸಿದ ಒಂದೊಂದು ಅಂಕಕ್ಕೆ ಎಷ್ಟು ರೂಪಾಯಿ ಬಿತ್ತು ಅಂತ ನೋಡುತ್ತಾರೆ. ಬ್ರಿಟನ್ನಿನಲ್ಲಿ ಈ ಕೆಲಸ ಮಾಡುವ ನೈಸ್ ಸಂಸ್ಥೆ ಶುರುವಾದದ್ದು 1999ರಲ್ಲಿ. ನಮ್ಮಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ 2017ರಲ್ಲಿ ಇಂಥದ್ದೊಂದು ವ್ಯವಸ್ಥೆ ಬಂತು. ಅದು ಮೊದಮೊದಲು ಕೈಗೆತ್ತಿಕೊಂಡ ವಿಷಯಗಳಲ್ಲಿ ಒಂದು ಇದೇ ಪೊರೆಯ ಲೆನ್ಸ್! ಸಣ್ಣ ಗಾಯದ ಆಪರೇಷನ್ ಮಾಡಿ ಗಟ್ಟಿ ಲೆನ್ಸ್ ಹಾಕುವುದೇ ಖರ್ಚಿಗೆ ತಕ್ಕ ಫಲ ಕೊಡುತ್ತದೆ ಎಂದು ಅಲ್ಲಿ ಕಂಡುಬಂತು.

ಇದು ಬಡವರಿಗೆ ಹೇಳಿದ ಸಮಾಧಾನದ ಮಾತಲ್ಲ. 2007ರಲ್ಲಿ ಪ್ರಕಟವಾದ ನೇಪಾಳದ ಅಧ್ಯಯನದಲ್ಲಿ 108 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫೇಕೊ (ಯಂತ್ರದ ಶಬ್ದತರಂಗದಿಂದ ಪೊರೆ ಪುಡಿ ಮಾಡಿ ತೆಗೆಯುವ ಆಪರೇಷನ್), ಇನ್ನೊಂದಕ್ಕೆ ಕೈಯಿಂದ ಮಾಡುವ ಸಣ್ಣ ಗಾಯದ ಆಪರೇಷನ್ ಮಾಡಿದರು. ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ 98% ಜನಕ್ಕೆ, ಬೇಕಾದವರಿಗೆ ಕನ್ನಡಕ ಕೊಟ್ಟು ನೋಡಿದಾಗ, 6/18 (ಸರಿಯಾದ ಕಣ್ಣಿಗೆ 18 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದ ಕಾಣುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಲೇಸರ್ ವಿಷಯ ಬಂದರೆ ನನಗೆ ಅತಿ ಇಷ್ಟವಾದದ್ದು 2020ರ ಫ್ರಾನ್ಸ್ ಅಧ್ಯಯನ. ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳು, 900ಕ್ಕೂ ಹೆಚ್ಚು ರೋಗಿಗಳು. ಲೇಸರ್ ಇಲ್ಲದ ಗುಂಪಿನವರನ್ನೂ ಲೇಸರ್ ಯಂತ್ರದ ಕೆಳಗೆ ಮಲಗಿಸಿ, ಕೊಟ್ಟಂತೆ ಮಾಡಿ ಕಳಿಸಿದರು. "ನನಗೆ ಲೇಸರ್ ಆಗಿದೆ" ಅನ್ನುವ ನಂಬಿಕೆಯೇ ಫಲಿತಾಂಶವನ್ನು ತಿರುಚಬಾರದಲ್ಲ, ಅದಕ್ಕೆ. ಕೊನೆಗೆ ನೋಡಿದರೆ ಸಾಮಾನ್ಯ ಫೇಕೊಗಿಂತ ಲೇಸರ್ ಮೇಲಾಗಿರಲಿಲ್ಲ, ಖರ್ಚು ಮಾತ್ರ ಹೆಚ್ಚು. ನಾನಾಗಿದ್ದರೆ ಆ ಸಾಲನ್ನು ಮೊದಲು ಹೊಡೆದುಹಾಕುತ್ತಿದ್ದೆ.

ಆದರೆ ಒಂದು ಮಾತು. ಇಂಥ ಲೆಕ್ಕ ಸರ್ಕಾರದ ದುಡ್ಡು ಎಲ್ಲಿ ಹೋಗಬೇಕು ಅನ್ನುವುದಕ್ಕೆ. ನಿಮ್ಮ ಕೈಲಾದರೆ ಮಡಚುವ ಲೆನ್ಸ್ ಹಾಕಿಸುವುದರಲ್ಲಿ ತಪ್ಪಿಲ್ಲ. ಗಟ್ಟಿ ಲೆನ್ಸಿಗೆ ಸುಮಾರು 6 ಮಿ.ಮೀ. ಗಾಯ ಬೇಕು, ಮಡಚುವುದು 3 ಮಿ.ಮೀ.ಗಿಂತ ಕಡಿಮೆಯಲ್ಲಿ ಒಳಗೆ ಹೋಗುತ್ತದೆ. ಬೇಗ ಮಾಯುತ್ತದೆ. ಅಲ್ಲಿಂದ ಮೇಲಕ್ಕೆ ಕೊಡುವ ಪ್ರತಿ ರೂಪಾಯಿಗೂ "ಇದಕ್ಕೆ ಹೋಲಿಸಿದರೆ ಏನು ಹೆಚ್ಚು ಸಿಗುತ್ತದೆ?" ಅಂತ ಡಾಕ್ಟರನ್ನೇ ಕೇಳಿ, ಆ ಹಾಳೆಯವರನ್ನಲ್ಲ.

ಬೆಂಗಳೂರಿನಿಂದ:
ಅಪ್ಪನಿಗೆ ಮಲ್ಟಿಫೋಕಲ್ ಹಾಕಿಸಿದ್ದೇವೆ. ಬೆಳಿಗ್ಗೆ ಪೇಪರನ್ನು ಕನ್ನಡಕ ಇಲ್ಲದೆ ಓದುತ್ತಾರೆ, ಅದು ಅವರಿಗೆ ದೊಡ್ಡ ಖುಷಿ. ಆದರೆ ಸಂಜೆ ಮೇಲೆ ಸ್ಕೂಟರ್ ಮುಟ್ಟುವುದಿಲ್ಲ. ಎದುರಿನ ಗಾಡಿಯ ದೀಪದ ಸುತ್ತ ಬಳೆ ಬಳೆಯಾಗಿ ಬೆಳಕು ಕಾಣುತ್ತದಂತೆ. ಇದು ಆ ಲೆನ್ಸಿನ ಸ್ವಭಾವ. ಬರುವ ಬೆಳಕನ್ನೇ ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ, ಆದ್ದರಿಂದ ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಸ್ವಲ್ಪ ಕಡಿಮೆ. ನಮಗೆ ಇದನ್ನು ಆಪರೇಷನ್‌ಗೆ ಮೊದಲು ಯಾರೂ ಹೇಳಲಿಲ್ಲ, ಅದೇ ನೋವು. ಬ್ರಿಟನ್ನಿನ ನೈಸ್ 2017ರಲ್ಲೇ ಪೊರೆ ಆಪರೇಷನ್‌ಗೆ ಮಲ್ಟಿಫೋಕಲ್ ಕೊಡಬೇಡಿ ಎಂದು ಹೇಳಿತ್ತು ಅಂತ ಆಮೇಲೆ ಓದಿದೆ.

ನಿಮ್ಮ ಅಮ್ಮನಿಗೆ ಶುಗರ್ ಇದೆಯಲ್ಲ, ಲೆನ್ಸ್ ಮಾತು ಆಮೇಲೆ. ಮೊದಲು ರೆಟಿನಾ (ಕಣ್ಣಿನ ಹಿಂಭಾಗದ ಅಕ್ಷಿಪಟಲ) ನೋಡಿಸಿ, ಅದರ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಬೇಕಾ ಕೇಳಿ. ಅಕ್ಷಿಪಟಲವೇ ಹಾಳಾಗಿದ್ದರೆ ಎಂಥ ಲೆನ್ಸೂ ಕೈ ಹಿಡಿಯುವುದಿಲ್ಲ, ಮಲ್ಟಿಫೋಕಲ್ ಅಂತೂ ತೊಂದರೆ ಹೆಚ್ಚಿಸುತ್ತದೆ.

ಶಿರಸಿಯಿಂದ:
ಎರಡು ಸಣ್ಣ ವಿಷಯ. ಲೆನ್ಸಿನ ಡಬ್ಬಿಯೊಳಗೆ ಸ್ಟಿಕರ್ ಇರುತ್ತದೆ. ಕಂಪನಿ, ಮಾಡೆಲ್, ಪವರ್, ಸೀರಿಯಲ್ ನಂಬರ್ ಎಲ್ಲ ಅದರಲ್ಲೇ. ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಡಿ ಅಂತ ಕೇಳಿ. ನೀವು ದುಡ್ಡು ಕೊಟ್ಟ ಲೆನ್ಸೇ ಹಾಕಿದ್ದಾರೆ ಅನ್ನುವುದಕ್ಕೆ ಅದೇ ದಾಖಲೆ. ಇನ್ನೊಂದು, ಒಂದೆರಡು ವರ್ಷದಲ್ಲಿ ಮತ್ತೆ ಮಸುಕಾದರೆ ಗಾಬರಿ ಬೇಡ. ಹೆಚ್ಚಾಗಿ ಲೆನ್ಸಿನ ಹಿಂದಿನ ಪದರ ಮಬ್ಬಾಗಿರುತ್ತದೆ, ಹಾಗಾಗಿದ್ದರೆ ಕೂತಲ್ಲೇ ಐದು ನಿಮಿಷದ ಯಾಗ್ ಲೇಸರಿನಲ್ಲಿ ಸರಿಹೋಗುತ್ತದೆ. ನನ್ನ ಅತ್ತೆಗೆ ಹಾಗೇ ಆಯಿತು. ಇನ್ಶೂರೆನ್ಸ್ ಇದ್ದರೆ ಒಂದು ಕಣ್ಣಿಗೆ ಎಷ್ಟು ಮಿತಿ ಅಂತ ಮೊದಲೇ ಓದಿಕೊಳ್ಳಿ.

ಮೈಸೂರಿನಿಂದ, ಮತ್ತೆ:
ಒಂದು ಮರೆತಿದ್ದೆ. ಸಾದಾ ಲೆನ್ಸನ್ನು ದೂರಕ್ಕೆ ಹೊಂದಿಸುವುದಾ, ಹತ್ತಿರಕ್ಕಾ ಎನ್ನುವುದನ್ನೂ ನೀವೇ ಆರಿಸಬಹುದು. ಅದಕ್ಕೆ ಹೆಚ್ಚಿನ ದುಡ್ಡಿಲ್ಲ. ಅಮ್ಮ ದಿನವಿಡೀ ಕಣ್ಣಿನಿಂದ ಏನು ಮಾಡುತ್ತಾರೆ ಅಂತ ಅವರನ್ನೇ ಕೇಳಿ.

ಕೇಳಿದವರು, ತಿಪಟೂರು:
ಎಲ್ಲರಿಗೂ ಕೈ ಮುಗಿದು ವಂದನೆ. ಅಮ್ಮನನ್ನು ಕೇಳಿದೆ. ನಾನು ಇಷ್ಟು ದಿನ ಅವರನ್ನೇ ಕೇಳಿರಲಿಲ್ಲ ನೋಡಿ. "ಹೂ ಕಟ್ಟೋಕೆ, ಅಕ್ಕಿ ಆರಿಸೋಕೆ ಕನ್ನಡಕ ಹಾಕ್ಕೊಂಡೇ ಅಭ್ಯಾಸ. ಬೀದಿ ಕೊನೇಲಿ ಬರೋರು ಯಾರು ಅಂತ ಗೊತ್ತಾದ್ರೆ ಸಾಕು" ಅಂದರು. ರೆಟಿನಾ ಪರೀಕ್ಷೆ ಆಯಿತು, ಶುಗರಿನಿಂದ ಏನೂ ಆಗಿಲ್ಲ. ಬೇರೆ ಡಾಕ್ಟರ್ ಹತ್ತಿರ ಹೋಗಿ, ದೂರಕ್ಕೆ ಹೊಂದಿಸಿದ ಮಡಚುವ ಸಾದಾ ಲೆನ್ಸ್ ಅಂತ ತೀರ್ಮಾನ ಮಾಡಿದ್ದೇವೆ. ಸೋಮವಾರ ಬಲಗಣ್ಣು. ಸ್ಟಿಕರ್ ಕೇಳಲು ಚೀಟಿಯಲ್ಲಿ ಬರೆದುಕೊಂಡಿದ್ದೇನೆ.