‘ಕಪ್ಪು ದ್ರವ್ಯ’ದಲ್ಲಿ ‘ಕಪ್ಪು’ ಎಂಬ ವಿಶೇಷಣ ಸರಿಯೇ?

ಡಾರ್ಕ್ ಮ್ಯಾಟರ್‌ಗೆ ಕನ್ನಡ ಬರಹಗಳಲ್ಲಿ ‘ಕಪ್ಪು ದ್ರವ್ಯ’, ‘ಕೃಷ್ಣ ದ್ರವ್ಯ’, ‘ಕಪ್ಪು ವಸ್ತು’ ಎಂಬ ರೂಪಗಳು ಕಾಣಸಿಗುತ್ತವೆ. ‘ದ್ರವ್ಯ’ದ ಬಗ್ಗೆ ನನಗೆ ತಕರಾರಿಲ್ಲ, ಶಾಲೆಯ ಪಾಠಗಳಿಂದಲೇ ‘ದ್ರವ್ಯರಾಶಿ’ ಪರಿಚಿತವಾಗಿರುವುದರಿಂದ, ಗುರುತ್ವದ ಮೂಲಕವಷ್ಟೇ ತನ್ನ ಇರವನ್ನು ತೋರಗೊಡುವ ಈ ಪದಾರ್ಥಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಪ್ರಶ್ನೆ ಇರುವುದು ‘ಕಪ್ಪು’ ಎಂಬ ವಿಶೇಷಣದ ಕುರಿತು.

ಬೆಳಕನ್ನು ಹೀರಿಕೊಳ್ಳುವ ವಸ್ತು ಕಪ್ಪಾಗಿ ಕಾಣುತ್ತದೆ. ಒರೈಯನ್ ನಕ್ಷತ್ರಪುಂಜದಲ್ಲಿರುವ ಕುದುರೆತಲೆ ನೀಹಾರಿಕೆಯ ದೂಳು ಹಿಂದಿನ ಬೆಳಕನ್ನು ತಡೆಯುವುದರಿಂದ ಅದನ್ನು ಕಪ್ಪು ಎನ್ನುವುದು ನ್ಯಾಯವೇ. ಆದರೆ ನಾವು ಚರ್ಚಿಸುತ್ತಿರುವ ದ್ರವ್ಯ ಬೆಳಕನ್ನು ಸೂಸುವುದೂ ಇಲ್ಲ, ಹೀರುವುದೂ ಇಲ್ಲ. ಅದರ ಮೂಲಕ ಬೆಳಕು ಸರಾಗವಾಗಿ ಹಾದುಹೋಗುತ್ತದೆ, ಗುರುತ್ವದಿಂದಾಗಿ ದಾರಿ ಮಾತ್ರ ತುಸು ಬಾಗುತ್ತದೆ. ಹಾಗೆ ನೋಡಿದರೆ ಅದು ಕಪ್ಪಿಗಿಂತ ಪಾರದರ್ಶಕತೆಗೇ ಹತ್ತಿರ.

ಅದರ ಸುಳಿವು ಸಿಕ್ಕಿದ್ದೂ ಬಣ್ಣದಿಂದಲ್ಲ, ವೇಗದಿಂದ. ಕೋಮಾ ಗುಚ್ಛದ ಗೆಲಾಕ್ಸಿಗಳು ಕಾಣುವ ದ್ರವ್ಯವಷ್ಟೇ ಹಿಡಿದಿಡಲಾರದಷ್ಟು ವೇಗದಲ್ಲಿ ಚಲಿಸುತ್ತಿರುವುದನ್ನು ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ 1933ರಲ್ಲಿ ತೋರಿಸಿದರು. ಸೌರಮಂಡಲದಲ್ಲಿ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಸುತ್ತಿದರೆ ದೂರದ ನೆಪ್ಚೂನ್‌ನದು 5 ಕಿ.ಮೀ. ಚಿಲ್ಲರೆ, ಆದರೆ ಆಂಡ್ರೊಮಿಡಾ ಗೆಲಾಕ್ಸಿಯ ಹೊರ ಅಂಚಿನಲ್ಲಿ ವೇಗ ಹೀಗೆ ಇಳಿಯುವುದಿಲ್ಲವೆಂಬುದು 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅವರ ಅಳತೆಗಳಿಂದ ಸ್ಪಷ್ಟವಾಯಿತು, ಅಂದರೆ ಅಲ್ಲಿಯೂ ಕಾಣದ ದ್ರವ್ಯದ ಸೆಳೆತವಿರಬೇಕು.

‘ಕಪ್ಪು’ ಎಂಬುದರಿಂದ ಇನ್ನೊಂದು ತೊಡಕೂ ಇದೆ. ‘ಕಪ್ಪು ಕುಳಿ’ ಈಗಾಗಲೇ ಬೇರೂರಿರುವುದರಿಂದ, ಕಪ್ಪು ದ್ರವ್ಯವೆಂದರೆ ಆ ಕುಳಿಯೊಳಗಿನ ಸರಕು ಎಂದು ಓದುಗ ಭಾವಿಸಿದರೆ ತಪ್ಪು ಅವನದಲ್ಲ. ‘ಅಗೋಚರ ದ್ರವ್ಯ’ ಎನ್ನೋಣವೆಂದರೆ, ಅವಕೆಂಪು ಕಿರಣವನ್ನಷ್ಟೇ ಸೂಸುವ ತಣ್ಣನೆಯ ದೂಳೂ ಕಣ್ಣಿಗೆ ಅಗೋಚರವೇ. ನನಗೆ ಹಿಡಿಸಿದ್ದು ‘ಗುಪ್ತದ್ರವ್ಯ’. ಉಷ್ಣಮಾಪಕದಲ್ಲಿ ಏರಿಕೆ ತೋರಿಸದ ಶಾಖವನ್ನು ‘ಗುಪ್ತೋಷ್ಣ’ ಎಂದು ಕರೆಯುತ್ತ ಬಂದಿರುವುದರಿಂದ ಇದಕ್ಕೆ ಭೌತವಿಜ್ಞಾನದಲ್ಲಿಯೇ ಮೇಲ್ಪಂಕ್ತಿಯಿದೆ.

ತೊಂದರೆ ಬರುವುದು ಜೋಡಿಪದದಲ್ಲಿ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆಯೆಂದು 1998ರಲ್ಲಿ ಸೂಪರ್‌ನೋವಾಗಳ (ಸಿಡಿಯುವ ನಕ್ಷತ್ರಗಳ) ಅಧ್ಯಯನದಿಂದ ತಿಳಿದಾಗ ಅದರ ಕಾರಣಕ್ಕೆ ಡಾರ್ಕ್ ಎನರ್ಜಿ ಎಂಬ ಹೆಸರು ಬಂತು. ಇಂದಿನ ಲೆಕ್ಕದಲ್ಲಿ ವಿಶ್ವದ ಸುಮಾರು 68% ಇದೇ. ಡಾರ್ಕ್ ಮ್ಯಾಟರ್ 27%, ನಮಗೆ ಪರಿಚಿತವಾದ ದ್ರವ್ಯ ಬರೀ 5%. ಡಾರ್ಕ್ ಎನರ್ಜಿಯನ್ನು ‘ಗುಪ್ತಶಕ್ತಿ’ ಎಂದರೆ ಮಾಟಮಂತ್ರದ ವಾಸನೆ ಹೊಡೆಯುತ್ತದೆ!

ವಿಶ್ವದ ಕೊನೆಯ ಕುರಿತ ಪದಗಳಲ್ಲಿಯೂ ಇಂಥದೇ ಗೊಂದಲವಿದೆ. ಹಿಗ್ಗುವಿಕೆ ಹೀಗೆಯೇ ಮುಂದುವರಿದು, ನಕ್ಷತ್ರಗಳು ಆರಿ, ಎಲ್ಲೆಡೆ ತಾಪ ಒಂದೇ ಮಟ್ಟಕ್ಕೆ ಇಳಿಯುವ ಸ್ಥಿತಿಯನ್ನು (ಹೀಟ್ ಡೆತ್) ‘ಉಷ್ಣಮರಣ’ ಎಂದರೆ ಬೇಗೆಯಿಂದ ಸತ್ತಂತೆ ಕೇಳಿಸುತ್ತದೆ, ಅರ್ಥವೇ ತಿರುವುಮುರುವಾಗುತ್ತದೆ. ‘ಪ್ರಳಯ’ದಲ್ಲಿ ಮರುಸೃಷ್ಟಿಯ ಧ್ವನಿಯಿದ್ದು, ವಿಶ್ವ ಮರಳಿ ಕುಗ್ಗುವುದೆಂಬ ಊಹೆಗೆ ಒಗ್ಗೀತೇ ಹೊರತು ಇದಕ್ಕಲ್ಲ. ‘ಉಷ್ಣಸಾಮ್ಯ’ ಆಗಬಹುದೇ? ‘ಗುಪ್ತದ್ರವ್ಯ’ವನ್ನು ಒಪ್ಪುವವರು ಅದರ ಜೊತೆಯ ಶಕ್ತಿಗೂ ಸಲ್ಲುವ ವಿಶೇಷಣವೊಂದನ್ನು ಸೂಚಿಸಬೇಕೆಂದು ಕೋರುತ್ತೇನೆ.